ಅಂದಾಜೂ ಬಿಲ್ಲೂ

ಗುಡೇಮಾರನಹಳ್ಳಿಯಂಥ ಊರಿನಲ್ಲಿ ರೈತನೊಬ್ಬನು ಕೊಳವೆ ಬಾವಿ ಕೊರೆಯಿಸುತ್ತಾನೆಂದು ನೆನಸೋಣ. 400 ಅಡಿಗೆ ಇಷ್ಟಾಗುವದೆಂದು ಯಂತ್ರದವನು ಅಂದಾಜು ಹೇಳಿದ್ದನು. ಕೊರೆದದ್ದು 700 ಅಡಿ. ಬಿಲ್ಲನ್ನು ಕಂಡ ರೈತನು, "ಆಡಿದ ಮಾತಿಗಿಂತ ಒಂದು ಕಾಸೂ ಹೆಚ್ಚು ಕೊಡೆನು" ಅನ್ನುತ್ತಾನೆ. ನ್ಯಾಯವು ಯಾರ ಕಡೆಗಿದೆ?

ಅಂದಾಜು ವಾಗ್ದಾನವಲ್ಲ. ಮಾಗಡಿ ಸೀಮೆಯ ನೆಲದಡಿ ಕಗ್ಗಲ್ಲು. ಆಳದ ನೀರು ಬಂಡೆಯ ಬಿರುಕುಗಳಲ್ಲಿ ಅಡಗಿರುವದರಿಂದ ಅದು ಎಷ್ಟು ಅಡಿಗೆ ಸಿಕ್ಕುವದೆಂದು ಯಾರೂ ನಿಶ್ಚಯವಾಗಿ ಹೇಳಲಾರರು. (ನೀರು ನೋಡುವವನ ತೆಂಗಿನಕಾಯಿಯೂ ಹೇಳಲಾರದು.) ಆದರೆ 400ನೆಯ ಅಡಿಯಲ್ಲಿ ಯಂತ್ರವನ್ನು ನಿಲ್ಲಿಸಿ, "ಮುಂದೆ ಹೋಗಲೋ, ಯಜಮಾನರೇ?" ಎಂದು ಕೇಳುವದು ಕೊರೆಯುವವನ ಕೈಯಲ್ಲಿಯೇ ಇತ್ತಲ್ಲವೇ? ಕೇಳದೆ ಮುಂದುವರಿದವನು ಹಣಕ್ಕಿಂತ ಮೊದಲು ಆ ರೈತನ ಇಷ್ಟಾನಿಷ್ಟವನ್ನೇ ಕಸಕೊಂಡನು. ರೈತನಾದರೋ ಬದುವಿನ ಮೇಲೆ ನಿಂತು, ಎಲ್ಲವನ್ನೂ ಕಣ್ಣಾರೆ ಕಂಡು, ನೀರಿನಾಸೆಯಿಂದ ಸುಮ್ಮನಿದ್ದರೆ ಆ ಮೌನವನ್ನು ಒಪ್ಪಿಗೆಯೆಂದೇ ನಾವು ಎಣಿಸುತ್ತೇವೆ. ಪುಕ್ಕಟೆಯಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಫಲವನ್ನು ಅನುಭವಿಸಿದವನು ಅದಕ್ಕೆ ತಕ್ಕದ್ದನ್ನು ಕೊಡಬೇಕೆಂದು 1872ರ ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಬಾವಿಯಲ್ಲಿ ಬರೀ ಧೂಳೇ ಬಂದಿದ್ದರೆ ಪ್ರಶ್ನೆಯು ಇನ್ನೂ ಕಠಿಣ. ಆಗ ಅನುಭವಿಸಿದ ಫಲವಾದರೂ ಯಾವದು?

ಆದಕಾರಣ ಮೊದಲಿನ 400 ಅಡಿಯ ಹಣವನ್ನು ತಕರಾರಿಲ್ಲದೆ ಸಲ್ಲಿಸಿ, ಮಿಕ್ಕದ್ದನ್ನು ಮಾತ್ರ ಚರ್ಚಿಸುವದು ಲೇಸು. ರಾಜಿಯಾಗದಿದ್ದರೆ ಲೋಕ ಅದಾಲತ್ತು ಉಂಟು. 1987ರ ಕಾಯಿದೆಯ ಮೇರೆಗೆ ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಅಪೀಲಿಲ್ಲ. ಅಲ್ಲಿಗೆ ಅಂದಾಜಿನ ಚೀಟಿಯನ್ನು ಒಯ್ಯಬೇಕು. ಚೀಟಿಯಿಲ್ಲದವರು ಅಂದು ಬದುವಿನ ಮೇಲೆ ನಿಂತಿದ್ದ ನೆರೆಯವರನ್ನಾದರೂ ಕರೆದೊಯ್ಯಲಿ.