ನಾನ್ಯಾರು ಹೇಳಿ ನೋಡೋಣ

ಮರೆವು ಹತ್ತಿದ ಹಿರಿಯರನ್ನು ನೋಡಲು ಬಂದ ನೆಂಟರು ಮೊದಲು ಮಾಡುವುದು ಪರೀಕ್ಷೆ. ಚಪ್ಪಲಿ ಬಿಟ್ಟವರೇ ಮುಖದ ಹತ್ತಿರ ಬಾಗಿ, ಸ್ವಲ್ಪ ಜೋರಾಗಿ, "ನಾನ್ಯಾರು ಹೇಳಿ ನೋಡೋಣ?" ಉತ್ತರ ಬಂದರೆ ನೆಂಟಸ್ತನಕ್ಕೆ ಸರ್ಟಿಫಿಕೇಟು ಸಿಕ್ಕಿತು. ಬಾರದಿದ್ದರೆ "ಪಾಪ" ಎಂದು ಕಾಫಿಗೆ ಕೂರುತ್ತಾರೆ.

*

ನಮ್ಮ ಹೆಸರನ್ನು ನಾವೇ ಹೇಳಿಕೊಂಡು ಒಳಗೆ ಬರುವುದಕ್ಕೆ ಯಾವ ವೈದ್ಯಶಾಸ್ತ್ರವೂ ಬೇಕಿಲ್ಲ.

*

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಅರವತ್ತಕ್ಕೆ ಅರಳುಮರಳು ಎನ್ನುವ ಗಾದೆಯಂತೂ ಸುಳ್ಳು. ದೇಶದಾದ್ಯಂತ ಹಿರಿಯರನ್ನು ಮಾತಾಡಿಸಿ ನಡೆಸಿದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವುದು ಶೇಕಡಾ 7.4 ಮಂದಿಗೆ. ಉಳಿದ ತೊಂಬತ್ತೆರಡು ಚಿಲ್ಲರೆ ಜನರ ತಲೆಗೆ ಗಾದೆ ಸುಮ್ಮನೆ ಅಪವಾದ ಕಟ್ಟಿತು. ಅದಕ್ಕಿಂತ ದೊಡ್ಡ ಅನ್ಯಾಯ ಮಾಡಿದ್ದು ಆ ಏಳು ಮಂದಿಗೆ. "ವಯಸ್ಸಾಯಿತಲ್ಲ" ಎಂದು ಅವರ ಕಾಯಿಲೆಯನ್ನು ವಯಸ್ಸಿನ ಖಾತೆಗೆ ಬರೆದು, ಡಾಕ್ಟರ ಹತ್ತಿರ ಕರೆದೊಯ್ಯುವ ಕೆಲಸವನ್ನೇ ತಪ್ಪಿಸಿಬಿಟ್ಟಿತು. ನೂರಕ್ಕೆ ಏಳು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಲೆಕ್ಕ ಹಾಕಿದರೆ ಸುಮಾರು 88 ಲಕ್ಷ ಜನ.

*

ಬೇಂದ್ರೆಯವರಿಗೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನದ ಹೆಸರು 'ಅರಳು ಮರಳು'. ಆಗ ಅವರಿಗೂ ಅರವತ್ತು ದಾಟಿತ್ತು. ಬೈಗುಳದೊಳಗೆ ಒಂದು ಹೂವಿದೆಯೆಂದು ಅವರಿಗೆ ಕಂಡಿತು. ನಮಗೆ ಈಗಲೂ ಕಾಣುವುದು ಬೈಗುಳವೇ.

*

1901ರ ನವೆಂಬರಿನಲ್ಲಿ, ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಐವತ್ತೊಂದು ವರ್ಷದ ಔಗುಸ್ಟ ಡೇಟರ್ ಎಂಬಾಕೆಯನ್ನು ಗಂಡ ಕರೆತಂದ. ಡಾಕ್ಟರ್ ಅಲೋಯಿಸ್ ಆಲ್ಜೈಮರ್ ಎದುರು ಕೂತು, ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಬರೆದುಕೊಳ್ಳುತ್ತಾ ಹೋದರು. ಹೆಸರು ಕೇಳಿದರೆ ಔಗುಸ್ಟ ಎಂದರು. ಗಂಡನ ಹೆಸರು ಕೇಳಿದರೂ ಔಗುಸ್ಟ ಎಂದೇ ಅಂದರು. ಅಲ್ಲಿ ಅದು ರೋಗದ ಗುರುತು. ನಮ್ಮ ಅಜ್ಜಿಯರಿಗೆ ಅದೇ ಪ್ರಶ್ನೆ ಹಾಕಿದ್ದರೆ ಸೆರಗು ಬಾಯಿಗೆ ಹಿಡಿದು ಸುಮ್ಮನಾಗುತ್ತಿದ್ದರು, ಇಲ್ಲವೇ ಪಕ್ಕದಲ್ಲಿದ್ದ ಮಗುವನ್ನು ತೋರಿಸಿ "ಇವನ ತಾತ" ಎನ್ನುತ್ತಿದ್ದರು. ಬಾರದ ಉತ್ತರದಲ್ಲಿ ಮರೆವೆಷ್ಟು, ಮರ್ಯಾದೆಯೆಷ್ಟು ಎಂದು ಬೇರ್ಪಡಿಸಬೇಕಾದದ್ದು ಕೇಳುವವನ ಕೆಲಸ.

*

ಔಗುಸ್ಟ 1906ರಲ್ಲಿ ತೀರಿಕೊಂಡರು. ಆ ಮೆದುಳಿನಲ್ಲಿ ಕಂಡ ಗಂಟು-ಕಲೆಗಳ ವಿಷಯವನ್ನು ಆಲ್ಜೈಮರ್ ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ನಿನ ವೈದ್ಯರ ಸಭೆಯಲ್ಲಿ ಓದಿದರು. ಸಭೆಯಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಆಕೆಯ ಕಡತವೂ ಎಲ್ಲೋ ಸೇರಿಹೋಗಿ, ಮತ್ತೆ ಕೈಗೆ ಸಿಕ್ಕಿದ್ದು 1995ರಲ್ಲಿ. ಮರೆವಿನ ಮೊದಲ ಕಡತವನ್ನೇ ಜಗತ್ತು ಅಷ್ಟು ಕಾಲ ಮರೆತಿತ್ತು.

*

ಮರೆವನ್ನು ಅಳೆಯುವ ಮೂವತ್ತು ಅಂಕಗಳ ಒಂದು ಪುಟ್ಟ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿ ಜಗತ್ತೆಲ್ಲ ಸುತ್ತಿತು. ಇಸವಿ ಯಾವುದು, ತಾರೀಕೆಷ್ಟು, ಈ ಪದವನ್ನು ಹಿಂದಿನಿಂದ ಮುಂದಕ್ಕೆ ಹೇಳಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಗೀಚಿ. ಸ್ಲೇಟು ಹಿಡಿಯದ ಕೈಗೆ ಪೆನ್ಸಿಲ್ ಕೊಟ್ಟರೆ ಒಂದಷ್ಟು ಅಂಕ ಅಲ್ಲೇ ಹೋಯಿತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ತೊಂಬತ್ತರ ದಶಕದಲ್ಲಿ ಇದನ್ನು ಓದುಬರಹ ಇಲ್ಲದವರಿಗೆಂದು ಹಿಂದಿಯಲ್ಲಿ ತಿದ್ದಿ ಕಟ್ಟಿದರು: ಕಾಗುಣಿತ ಬೇಡ, ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿದರೆ ಸಾಕು. ಅದೇ ಮೆದುಳು, ಬೇರೆ ಪ್ರಶ್ನೆಪತ್ರಿಕೆ.

*

ದೊಡ್ಡಮ್ಮನನ್ನು ಡಾಕ್ಟರು ತಾರೀಕು ಕೇಳಿದರು. "ತಾರೀಕು ನಿಮಗೆ. ನನಗೆ ಬಹುಳ ಪಂಚಮಿ" ಎಂದರು. ಡಾಕ್ಟರು ಪಂಚಾಂಗ ನೋಡಲಿಲ್ಲ. ನಾನು ಮನೆಗೆ ಬಂದು ನೋಡಿದೆ, ಚೌತಿ ಇತ್ತು. ಒಂದೇ ದಿನದ ತಪ್ಪಿಗೆ ಎಷ್ಟು ಅಂಕ ಕಳೆಯಬೇಕೋ!

*

ಆಸ್ಪತ್ರೆಯಲ್ಲಿ ಡಾಕ್ಟರ ಪ್ರಶ್ನೆಗೆ ಉತ್ತರ ಕೊಡುವವನು ಮಗ. ಉತ್ತರ ಗೊತ್ತಿರುವುದು ಹಿಂದೆ ಚೀಲ ಹಿಡಿದು ನಿಂತ ಸೊಸೆಗೆ.

*

ಕೋಲಾರ ಜಿಲ್ಲೆಯ ಶ್ರೀನಿವಾಸಪುರವೆಂದರೆ ಮಾವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಬೇಕೆಂದು ಹೊರಟಿದ್ದಾರೆ. ರಕ್ತ ತೆಗೆಯುವುದು, ಮೆದುಳಿನ ಚಿತ್ರ ತೆಗೆಯುವುದು, ನೆನಪು ಕೆದಕುವ ಪ್ರಶ್ನೆ ಕೇಳುವುದು. ಮತ್ತೆ ಬಂದು ಅದನ್ನೇ ಮಾಡುವುದು. ಕಾಯಿಲೆ ಬಿದ್ದವರನ್ನು ಬಿಟ್ಟು ಗಟ್ಟಿಯಾಗಿರುವವರ ಮನೆಗೇಕೆ ಹೋಗುತ್ತಾರೆ ಎಂದು ಕೇಳಬಹುದು. ಮರೆವು ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನೊಳಗೆ ಅದರ ಕೆಲಸ ಶುರುವಾಗಿರುತ್ತದೆ. ಕಾಯಿ ಉದುರಿದ ಮೇಲೆ ಮರವನ್ನು ವಿಚಾರಿಸಿ ಪ್ರಯೋಜನವಿಲ್ಲ, ಹೂ ಬಿಡುವಾಗಲೇ ನೋಡಬೇಕು ಎಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನಗೆ ಆ ಯಂತ್ರಗಳಿಗಿಂತ ದೊಡ್ಡದಾಗಿ ಕಾಣುವುದು ಆ ಹಳ್ಳಿಗರ ತಾಳ್ಮೆ. ತಮಗೇನೂ ಆಗಿಲ್ಲವೆಂದು ಗೊತ್ತಿದ್ದೂ, ಮುಂದೆ ಯಾರಿಗೋ ಉಪಯೋಗವಾಗಲಿ ಎಂದು ಕೆಲಸ ಬಿಟ್ಟು ಬಂದು ತೋಳು ಚಾಚುತ್ತಾರೆ.

*

ಅದೇ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ, ಮಂಡಿ ಸಾಹೇಬರ ಹತ್ತಿರ ಉರ್ದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಹೇಳಿದ್ದು ಇದು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮುಖ ನೋಡದವರಲ್ಲೂ ಹಾಗೆಯೇ. ಭಾಷೆ ರೋಗವನ್ನು ತಡೆಯಿತು ಎಂದಲ್ಲ. ಬಾಗಿಲಲ್ಲಿ ಸ್ವಲ್ಪ ಕಾಯಿಸಿತು. ನಾಲ್ಕೂವರೆ ವರ್ಷವೆಂದರೆ ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಶುರುಮಾಡಿದ ಅಜ್ಜ, ಅವಳು ಮಗ್ಗಿ ಒಪ್ಪಿಸುವುದನ್ನು ಕೇಳಿಸಿಕೊಳ್ಳುವಷ್ಟು ಕಾಲ.

*

ಕಿವಿ ಕೇಳದವರನ್ನು ಮಾತಿನಿಂದ ಹೊರಗಿಡುತ್ತೇವೆ. ಕೆಲವು ವರ್ಷ ಕಳೆದು, ಮಾತು ಮರೆತಿದ್ದಾರೆ ಎನ್ನುತ್ತೇವೆ. ಡಿಮೆನ್ಷಿಯಾದ ಸುಮಾರು ಶೇಕಡಾ 45 ಭಾಗವನ್ನು ತಪ್ಪಿಸಲು ಇಲ್ಲವೇ ಮುಂದೂಡಲು ಸಾಧ್ಯವಾಗಬಹುದೆಂದು 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ ಹದಿನಾಲ್ಕು ಕಾರಣಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಗಳ ಜತೆ ಕಿವಿ ಮಂದವಾಗುವುದೂ ಇದೆ, ಒಂಟಿತನವೂ ಇದೆ. ಕನ್ನಡಕಕ್ಕೆ ಸಿಕ್ಕ ಮರ್ಯಾದೆ ಕಿವಿಯ ಮಿಷನ್ನಿಗೆ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ. ಕನ್ನಡಕ ಹಾಕಿದವನು ಮೇಷ್ಟ್ರು, ಮಿಷನ್ನು ಹಾಕಿದವನು ಕಿವುಡ.

*

ಅಮೆರಿಕದ ಡೇವಿಡ್ ಸ್ನೋಡನ್ 1986ರಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನ ಶುರು ಮಾಡಿದರು. 678 ಮಂದಿ, ಸತ್ತ ಮೇಲೆ ಮೆದುಳನ್ನೂ ಕೊಡಲು ಒಪ್ಪಿದವರು. ಅವರಲ್ಲೊಬ್ಬರು ನೂರೊಂದು ವರ್ಷ ಬಾಳಿದ ಸಿಸ್ಟರ್ ಮೇರಿ. ಕೊನೆಯವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ. ತೆಗೆದು ನೋಡಿದರೆ ಮೆದುಳು ತುಂಬ ಆಲ್ಜೈಮರನ ಕಲೆಗಳು. ಆ ಮೆದುಳನ್ನು ಮೊದಲು ನೋಡಿದವರು ಆಕೆಯ ಜಾತಕವನ್ನು ತಪ್ಪಾಗಿ ಬರೆಯುತ್ತಿದ್ದರು.

*

ಗಂಡ ಹೋದ ಮೇಲೆ ಅಜ್ಜಿ "ಸುಮ್ಮನಾದರು". ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ, ಬಿಡು". ಅದು ಖಿನ್ನತೆ ಇರಬಹುದು. ಬಿ12 ಕೊರತೆ ಇರಬಹುದು, ಥೈರಾಯ್ಡ್ ಇರಬಹುದು. ಇವಕ್ಕೆ ಔಷಧವಿದೆ. ಹಳೆಯ ವೈದ್ಯರು ಒಂದು ಗುರುತು ಹೇಳುತ್ತಿದ್ದರು: ದುಃಖದಲ್ಲಿ ಮುಳುಗಿದವರು ಗೊತ್ತಿಲ್ಲ ಎನ್ನುತ್ತಾರೆ, ಮರೆವಿನ ರೋಗದವರು ಏನಾದರೊಂದು ಹೇಳಿ ಮುಚ್ಚಿಕೊಳ್ಳುತ್ತಾರೆ. ಎಲ್ಲರಿಗೂ ಹೊಂದುವ ಗುರುತಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಒಂದು ರಕ್ತಪರೀಕ್ಷೆಗೆ ಮೊದಲೇ ತೀರ್ಪು ಬಂದುಬಿಡುತ್ತದೆ.

*

2023ರಲ್ಲಿ ಅಮೆರಿಕ ಪೂರ್ತಿ ಒಪ್ಪಿಗೆ ಕೊಟ್ಟ ಲೆಕಾನೆಮ್ಯಾಬ್ ಎಂಬ ಔಷಧ ಮೆದುಳಿನ ಕಲೆಯನ್ನು ತೊಳೆಯುತ್ತದೆ, ಇಳಿತವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಹೋದದ್ದನ್ನು ತಂದುಕೊಡುವುದಿಲ್ಲ. ಗೋಡೆ ತೊಳೆದರೆ ಮನೆಯವರು ಹಿಂದಿರುಗಿ ಬರಬೇಕೆಂದೇನೂ ಇಲ್ಲ.

*

'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. 2016ರಲ್ಲಿ ಬಂದ ಈ ಸಿನಿಮಾದಲ್ಲಿ ಮರೆವಿನ ರೋಗವಿರುವ ತಂದೆ ಕಾಣೆಯಾಗುತ್ತಾರೆ. ಹೆಸರು ಕಾಣೆಯಾದವರ ಪ್ರಕಟಣೆಯ ಭಾಷೆಯಿಂದ ಎತ್ತಿದ್ದು. ನಮ್ಮಪ್ಪನ ಬಗ್ಗೆ ಅಂಥ ಪ್ರಕಟಣೆ ಬರೆಯಬೇಕಾಗಿ ಬಂದರೆ ನನಗೆ ಮೂರನೆಯ ಸಾಲು ಹೊಳೆಯುತ್ತದೆಯೇ ಎಂದು ಥಿಯೇಟರಿನಿಂದ ಹೊರಬರುವಾಗ ಯೋಚಿಸಿದೆ. ಆ ಪರೀಕ್ಷೆಯಲ್ಲಿ ಫೇಲಾದದ್ದು ನಾನು.

*

ಕಳೆದ ಯುಗಾದಿಗೆ ದೊಡ್ಡಮ್ಮನ ಮನೆಗೆ ಹೋದಾಗ ಬಾಗಿಲಲ್ಲೇ ಹೆಸರು ಹೇಳಿದೆ, ಯಾರ ಮಗನೆಂದೂ ಹೇಳಿದೆ. ದೊಡ್ಡಮ್ಮ ನನ್ನ ನರೆತ ತಲೆಯನ್ನು ಒಮ್ಮೆ ನೋಡಿ, "ಅವನು ಇನ್ನೂ ಸ್ಕೂಲಿಂದ ಬಂದಿಲ್ಲ. ನಾಲ್ಕೂವರೆಗೆ ಬರ್ತಾನೆ, ಕೂತ್ಕೊಳ್ಳಿ" ಎಂದರು. ಅವನಿಗೆಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದ ಕೋಡುಬಳೆಯಲ್ಲಿ ಒಂದನ್ನು ಮುರಿದು, ಅರ್ಧ ನನಗೆ ಕೊಟ್ಟರು. ಗೋಡೆ ಗಡಿಯಾರದಲ್ಲಿ ಮೂರು ಗಂಟೆ. ಕೂತೆ.