ಮನೆಯ ವ್ಯವಸ್ಥೆ

ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಾಗ, ಮನೆಯ ವ್ಯವಸ್ಥೆಯನ್ನು ಮಾಡಬೇಕೆಂದು ಪ್ರವಾದಿಯಾದ ಯೆಶಾಯನು ಅವನಿಗೆ ತಿಳಿಸಿದನು. ನಮ್ಮ ಕರ್ತನು ಸಹ ಶಿಲುಬೆಯ ಮೇಲೆ ಶ್ರಮೆಪಡುತ್ತಿರುವಾಗಲೇ ತನ್ನ ತಾಯಿಯನ್ನು ಪ್ರಿಯ ಶಿಷ್ಯನ ವಶಕ್ಕೆ ಒಪ್ಪಿಸಿದನು. ಹೀಗಿರಲಾಗಿ, ಮರಣಶಾಸನ ಬರೆದರೆ ಮರಣವು ಬೇಗ ಬರುವದೆಂದು ನಾವು ಹೆದರುವದು ಯುಕ್ತವೋ?

ನಾವು ಶಾಸನ ಬರೆಯದೆ ಸತ್ತರೆ, 1925ನೇ ಇಸವಿಯ ಭಾರತೀಯ ಉತ್ತರಾಧಿಕಾರದ ಕಾಯಿದೆಯು ಕ್ರೈಸ್ತ ಗೃಹಸ್ಥನ ಆಸ್ತಿಯಲ್ಲಿ ಮೂರರಲ್ಲಿ ಒಂದಂಶವನ್ನು ವಿಧವೆಗೂ, ಉಳಿದ ಎರಡಂಶಗಳನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಕೊಡುತ್ತದೆ. ಇದು ನ್ಯಾಯವೇ. ಆದರೆ ಮಕ್ಕಳಿರುವಲ್ಲಿ ನಮ್ಮ ವೃದ್ಧ ತಾಯಿಗೆ ಅದರಲ್ಲಿ ಪಾಲೇ ಇಲ್ಲ. ರೋಗಿಯಾದ ಮಗಳಿಗೂ ಬಲಿಷ್ಠನಾದ ಮಗನಿಗೂ ಒಂದೇ ಅಳತೆ. ಕಾಯಿದೆಯು ಅವರವರ ಕೊರತೆಯನ್ನು ಅರಿಯದು, ನಾವು ಅರಿತಿದ್ದೇವೆ.

ಆದದರಿಂದ ಸ್ವಸ್ಥಬುದ್ಧಿಯುಳ್ಳ ದಿನಗಳಲ್ಲಿಯೇ ಬರೆಯೋಣ. ಇಬ್ಬರು ಸಾಕ್ಷಿಗಳ ಮುಂದೆ ರುಜುವನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕೋಣ. ಅವರೂ ನಮ್ಮ ಮುಂದೆಯೇ ರುಜು ಮಾಡಲಿ. ಪಾಲು ಹೊಂದುವವನನ್ನಾಗಲಿ ಅವನ ಹೆಂಡತಿಯನ್ನಾಗಲಿ ಸಾಕ್ಷಿಯಾಗಿ ಕರೆಯಬಾರದು. ಕರೆದರೆ ಆ ಪಾಲು ವ್ಯರ್ಥವಾಗುವದು. ಬರೆದ ಮೇಲೆ ಮದುವೆಯಾದವನು ತಿರಿಗಿ ಬರೆಯಬೇಕು. ಯಾಕಂದರೆ ಮದುವೆಯಿಂದ ಹಿಂದಿನ ಶಾಸನವು ರದ್ದಾಗುತ್ತದೆ.

ಹೊಲಗದ್ದೆಗಳು ದೇವರವು; ನಾವು ಮನೆವಾರ್ತೆಯವರು ಮಾತ್ರವೇ. ನಮ್ಮ ಅಲಕ್ಷ್ಯದಿಂದ ಅಣ್ಣತಮ್ಮಂದಿರು ನ್ಯಾಯಸ್ಥಾನದಲ್ಲಿ ವೈರಿಗಳಾಗಿ ನಿಲ್ಲದಂತೆ ಕರ್ತನು ನಮಗೆ ವಿವೇಕವನ್ನು ದಯಪಾಲಿಸಲಿ. ಆಮೆನ್.