ಫಲಿತಾಂಶವೊಂದೇ ಒರೆಗಲ್ಲೇ?

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಕೊಡಗಿನಲ್ಲಿಯೂ ಶಾಲೆಗಳ ತಾರತಮ್ಯ ನಿರ್ಣಯವು ಆರಂಭವಾಗುತ್ತದೆ. ಶೇಕಡ 100 ಫಲಿತಾಂಶ ಪಡೆದ ಶಾಲೆ ಶ್ರೇಷ್ಠವೆಂದೂ, ಶೇಕಡ 70 ಪಡೆದುದು ಸಾಧಾರಣವೆಂದೂ ತೀರ್ಮಾನಿಸಿಬಿಡುತ್ತೇವೆ. ನಮ್ಮ ದತ್ತಿನಿಧಿ, ಪುರಸ್ಕಾರಗಳೂ ಇದೇ ಅಂಕಿಯನ್ನು ಹಿಂಬಾಲಿಸುತ್ತವೆ. ಆದರೆ ಪ್ರವೇಶಪರೀಕ್ಷೆ ನಡೆಸಿ, ಆಯ್ದ ಹೆಣ್ಣುಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವ ಶಾಲೆಯನ್ನು ಈ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಂತಹ ಶಾಲೆಗಳು ನಾಡಿಗೆ ಹೊಸವಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿಶಾಲೆಯು 1969ರಿಂದ ನಡೆದುಬಂದಿದೆ. ಕೊಡಗಿನ ಗಾಳಿಬೀಡಿನ ನವೋದಯ ವಿದ್ಯಾಲಯವು ಬಾಲಕ ಬಾಲಕಿಯರಿಬ್ಬರನ್ನೂ ಪರೀಕ್ಷೆಯ ಮೂಲಕವೇ ಆರಿಸುತ್ತದೆ. 2007ರಲ್ಲಿ ಆರಂಭವಾದ ಕೂಡಿಗೆಯ ಸೈನಿಕ ಶಾಲೆಯ ಬಾಗಿಲು, ದೇಶದ ಇತರ ಸೈನಿಕ ಶಾಲೆಗಳಂತೆ, ಹೆಣ್ಣುಮಕ್ಕಳಿಗೂ ತೆರೆದಿದೆ. ತೋಟಗಳ ನಡುವೆ ಚದುರಿದ ಮನೆಗಳು, ಮುಂಗಾರಿನ ಬಿರುಮಳೆ, ಆನೆಗಳ ಭಯ ಇವುಗಳಿಂದ ಮಗಳನ್ನು ದೂರದ ಪ್ರೌಢಶಾಲೆಗೆ ಕಳುಹಿಸಲು ಹಿಂಜರಿಯುವ ತಂದೆತಾಯಿಗಳಿಗೆ ವಸತಿಶಾಲೆಯು ನಿಜವಾದ ಆಸರೆ. ಆದ್ದರಿಂದ ಆಯ್ಕೆಯನ್ನೇ ದೋಷವೆನ್ನುವಂತಿಲ್ಲ.

ಆದರೆ ಒಳಬರುವಾಗಲೇ ತರಗತಿಗೆ ಮೊದಲಿಗಳಾಗಿದ್ದ ಬಾಲಕಿ ಹೊರಹೋಗುವಾಗಲೂ ಮೊದಲಿಗಳಾದರೆ, ಅದರಲ್ಲಿ ಶಾಲೆಯ ಪಾಲೆಷ್ಟು? ಈ ಪಾಲನ್ನು ಬೇರ್ಪಡಿಸಿ ನೋಡಲು ವಿದ್ವಾಂಸರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅತ್ಯಲ್ಪ ಅಂತರದಿಂದ ಪ್ರವೇಶ ಪಡೆದವರನ್ನೂ, ಅಷ್ಟೇ ಅಂತರದಿಂದ ವಂಚಿತರಾದವರನ್ನೂ ಹೋಲಿಸುವುದೇ ಆ ಉಪಾಯ. ಬಾಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಆಯ್ಕೆಯ ಶಾಲೆಗಳನ್ನು ಹೀಗೆ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಬ್ಬರ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಟ್ರಿನಿಡಾಡ್ ಮತ್ತು ಟೊಬೇಗೊ ದೇಶವನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವು ಉತ್ತಮ ಶಾಲೆಗಳಿಂದ ಪ್ರಯೋಜನವುಂಟೆಂದೂ, ಬಾಲಕಿಯರಿಗೆ ಅದು ಬಾಲಕರಿಗಿಂತ ಸುಮಾರು ಇಮ್ಮಡಿಯೆಂದೂ ತಿಳಿಸಿತು. ಕೀರ್ತಿಯನ್ನು ನೋಡಿ ಶಾಲೆಯನ್ನು ಹೊಗಳುವುದೂ ತರವಲ್ಲ, ಆಯ್ಕೆಯನ್ನು ನೋಡಿ ಜರೆಯುವುದೂ ತರವಲ್ಲ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರಾಮರ್ಶಿಸಬೇಕು.

ಇದಕ್ಕೆ ಮೂರು ಪ್ರಶ್ನೆಗಳು ಅವಶ್ಯ. ಮೊದಲನೆಯದು, ಮಗು ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು? ಇಂಗ್ಲೆಂಡಿನಲ್ಲಿ 1992ರಿಂದ ಶಾಲೆಗಳ ಫಲಿತಾಂಶಪಟ್ಟಿ ಪ್ರಕಟವಾಗುತ್ತಿದ್ದರೂ, ಆರಂಭದ ಮಟ್ಟಕ್ಕೆ ಹೋಲಿಸಿ ಪ್ರಗತಿಯನ್ನು ಅಳೆಯುವ ಹೊಸ ಕ್ರಮವೊಂದನ್ನು 2016ರಲ್ಲಿ ಜಾರಿಗೆ ತರಬೇಕಾಯಿತು. ಎರಡನೆಯದು, ಆರನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯದನ್ನು ಮುಟ್ಟಿದರು? ಹಿಂದುಳಿದ ಬಾಲಕಿಯ ಕೈಗೆ ಒಂಬತ್ತನೆಯ ತರಗತಿಯಲ್ಲಿಯೇ ವರ್ಗಾವಣೆ ಪತ್ರವನ್ನಿತ್ತು ಕಳುಹಿಸಿದ ಶಾಲೆಯ ಶೇಕಡ 100 ಲೆಕ್ಕದಲ್ಲಿ ಸರಿಯಿದ್ದರೂ ಸತ್ಯಕ್ಕೆ ದೂರ. ಮೂರನೆಯದು, ಬಾಗಿಲ ಹೊರಗೆ ಉಳಿದವರು ಯಾರು? ತೋಟದ ಲೈನ್ ಮನೆಯ ಮಗುವಿಗೂ ಜೇನುಕುರುಬರ ಹಾಡಿಯ ಮಗುವಿಗೂ ಪ್ರವೇಶಪರೀಕ್ಷೆಯ ಸುದ್ದಿಯೇ ತಲುಪದಿದ್ದರೆ, ಟ್ಯೂಷನ್ನಿಗೆ ಹಣ ತೆತ್ತವರ ಮಕ್ಕಳೇ ಒಳಸೇರುತ್ತಾರೆ. ಆಗ ಪರೀಕ್ಷೆ ಅಳೆದುದು ಪ್ರತಿಭೆಯನ್ನಲ್ಲ, ತಂದೆಯ ಕಿಸೆಯನ್ನು.

ಇಷ್ಟೆಲ್ಲ ವಿಚಾರಿಸಲು ವಿಶ್ವಸ್ತ ಮಂಡಳಿಗಳಿಗೆ ವ್ಯವಧಾನವೆಲ್ಲಿ ಎಂದು ಕೆಲವರು ಕೇಳಬಹುದು. ಆದರೆ ಮೊದಲಿನ ಎರಡು ಪ್ರಶ್ನೆಗಳಿಗೆ ಬೇಕಾದ ವಿವರಗಳು ಶಾಲೆಯ ದಾಖಲಾತಿ ಪುಸ್ತಕದಲ್ಲಿಯೂ ಅಂಕಪಟ್ಟಿಗಳಲ್ಲಿಯೂ ದೊರೆಯುತ್ತವೆ. ಮೂರನೆಯದಕ್ಕೆ, ಅರ್ಜಿಗಳು ಯಾವ ಯಾವ ಊರುಗಳಿಂದ ಬಂದುವೆಂದು ನೋಡಿದರೆ ಸಾಕು. ದಾನ ನೀಡುವವರು ಅವನ್ನು ಕೇಳಿ ಪಡೆಯುವುದರಲ್ಲಿ ಅನುಚಿತವೇನೂ ಇಲ್ಲ. ಅತ್ಯಧಿಕ ಅಂಕ ಗಳಿಸಿದವಳಿಗೆ ಪದಕವನ್ನು ಅವಶ್ಯವಾಗಿ ನೀಡೋಣ. ಅದರ ಜೊತೆಗೆ, ಆರನೆಯ ತರಗತಿಗೆ ಕೊನೆಯವಳಾಗಿ ಬಂದು, ಶಾಲೆಯ ಆರೈಕೆಯಲ್ಲಿ ಬೆಳೆದು ಹತ್ತನೆಯದನ್ನು ದಾಟಿದವಳಿಗೂ ಒಂದು ವಿದ್ಯಾರ್ಥಿವೇತನವನ್ನು ಮೀಸಲಿಡೋಣ. ಶಾಲೆಯು ನಿಜವಾಗಿ ಏನನ್ನು ಸಾಧಿಸಿತೆಂಬುದಕ್ಕೆ ಆಕೆಯೇ ಸಾಕ್ಷಿ.